ನಕ್ಷೆಯಲ್ಲಿಲ್ಲದ ಬಂಡೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರಗಳೂ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟೇ ಮೊದಲು ಬಂದು ಕೂರುತ್ತಿತ್ತು. ಅದಕ್ಕೇ ತಡ, ಬೈಯಬೇಡ. ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯಲ್ಲಿ ಭಾವನಿಗೆ ಹೊತ್ತು ಹೋಗುತ್ತಿದೆಯಾ?

ವಿಚಾರಣೆ ಮೊನ್ನೆ ಮುಗಿಯಿತು. ಮೂವತ್ತು ವರ್ಷ ಒಂದು ಗೀರೂ ಬೀಳದ ಹಾಗೆ ಹಡಗುಗಳನ್ನು ಬಂದರಿನೊಳಗೆ ತಂದ ಭಾವನ ಪೈಲಟ್ ಲೈಸೆನ್ಸ್ ರದ್ದಾಗಿದೆ. ಆದೇಶ ಕೈಸೇರುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಆ ದಿನ ಭಾವ ಒಳಗೆ ತರುತ್ತಿದ್ದ ಹಡಗಿನ ತಳ ಸೀಳಿದ ಬಂಡೆಯನ್ನು ಎರಡು ವರ್ಷದ ಹಿಂದೆ ನಾನೇ ದೋಣಿಯಲ್ಲಿ ಕೂತು ಅಳೆದಿದ್ದೆ. ನೀರಿನಡಿ ಬರೀ ನಾಲ್ಕು ಮೀಟರಿಗೆ ಅದರ ತಲೆ. ಅಚ್ಚಾದ ನಕ್ಷೆಯಲ್ಲಿ ಅದೇ ಜಾಗಕ್ಕೆ ಹನ್ನೊಂದು ಮೀಟರ್ ಆಳ ಎಂದಿದೆ. ನಮ್ಮನ್ನು ಆಳಿದವರು ತೊಂಬತ್ತು ವರ್ಷದ ಹಿಂದೆ ಬರೆದ ಅಂಕಿ. ಅವರು ಹೋದರು, ಬಾವುಟ ಬದಲಾಯಿತು, ಬೀದಿಗಳ ಹೆಸರೂ ಬದಲಾದವು. ನಮ್ಮ ಸಮುದ್ರದ ನಕ್ಷೆ ಮಾತ್ರ ಇವತ್ತಿಗೂ ಅವರ ದೇಶದಲ್ಲೇ ಅಚ್ಚಾಗುತ್ತದೆ. ನಾವು ಅಳೆದು ಕಳಿಸಬೇಕು, ಅವರು ಒಪ್ಪಬೇಕು, ಆಮೇಲೆ ಅದನ್ನೇ ನಾವು ಅವರಿಂದ ಕೊಳ್ಳಬೇಕು. ನನ್ನ ಬಂಡೆ ಅಲ್ಲಿ ಯಾರದೋ ಮೇಜಿನ ಮೇಲೆ ಕಾಯುತ್ತಾ ಕೂತಿದೆ.

“ನಾವೇ ಅಚ್ಚು ಹಾಕೋಣ ಸಾರ್” ಎಂದು ನಮ್ಮ ಸಮುದ್ರ ಅಳತೆ ಕಚೇರಿಯ ನಿರ್ದೇಶಕರನ್ನು ಎಷ್ಟು ಸಲ ಕೇಳಿದೆನೋ.

“ಅವರ ಮುದ್ರೆ ಇಲ್ಲದ ನಕ್ಷೆ ನಂಬಿ ಬಂದ ಹಡಗಿಗೆ ವಿಮೆ ಸಿಗಲ್ಲ ಕಣಮ್ಮ. ಒಂದು ಹಡಗೂ ಈ ಕಡೆ ತಲೆ ಹಾಕಲ್ಲ. ಆಮೇಲೆ ಸ್ವಾತಂತ್ರ್ಯ ಇಟ್ಕೊಂಡು ಏನ್ ಮಾಡ್ತೀಯ?”

ಅವರೇನು ಕೆಟ್ಟವರಲ್ಲ. ಮಾತೂ ಸುಳ್ಳಲ್ಲ. ಅದಕ್ಕೇ ಮೈ ಉರಿಯುತ್ತದೆ.

ಭಾವ ಹೇಳಿಕೆ ಕೊಟ್ಟು ಮಗಳ ಊರಿಗೆ ಹೊರಟ ಮೇಲೆ ನಾನು ಅಳತೆ ಪುಸ್ತಕ ಹಿಡಿದು ವಿಚಾರಣೆಗೆ ಹೋದೆ. ಅಧ್ಯಕ್ಷರು ತೆರೆದೂ ನೋಡಲಿಲ್ಲ.

“ಇದಕ್ಕೆ ಒಪ್ಪಿಗೆ ಸಿಕ್ಕಿದೆಯಾ?”

“ಇನ್ನೂ ಇಲ್ಲ ಸಾರ್. ಆದ್ರೆ ಬಂಡೆ ಅಲ್ಲೇ ಇದೆ. ಬನ್ನಿ, ದೋಣೀಲಿ ಕರ್ಕೊಂಡು ಹೋಗಿ ತೋರಿಸ್ತೀನಿ.”

“ನಕ್ಷೆ ಪ್ರಕಾರ ಅಲ್ಲಿ ಹನ್ನೊಂದು ಮೀಟರ್ ನೀರಿದೆ. ಅಂದ್ಮೇಲೆ ಪೈಲಟ್ಟೇ ದಾರಿ ತಪ್ಪಿರಬೇಕು.”

ನಮ್ಮ ಕುರ್ಚಿ, ನಮ್ಮ ಅಧಿಕಾರಿ, ನಮ್ಮದೇ ಭಾಷೆ. ಹೊರಗಿನವರು ಯಾರೂ ಬಂದು ನಮ್ಮ ಬಾಯಿ ಮುಚ್ಚಿಸಲಿಲ್ಲ ಅಕ್ಕ.

ಮೇಲ್ಮನವಿ ಸಲ್ಲಿಸುತ್ತೇನೆ. ಭಾವನಿಗೆ ನಮಸ್ಕಾರ ಹೇಳು. ಮೊಮ್ಮಗು ನೂರು ಕಾಲ ಬಾಳಲಿ.

ನಿನ್ನ,
ಪುಟ್ಟಿ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು. ಹಡಗು ಬಂಡೆಗೆ ತಗಲುವ ಹತ್ತು ದಿನ ಮುಂಚೆ ನಿಮ್ಮ ಮನೆಗೆ ಊಟಕ್ಕೆ ಬಂದಿದ್ದೆನಲ್ಲ, ನೀನು ಅಡುಗೆಮನೆಯಲ್ಲಿದ್ದಾಗ ಭಾವ ಕೇಳಿದ್ದರು: “ಬಂದರಿನ ಬಾಯಲ್ಲಿ ನೀರು ಯಾಕೋ ಬೇರೆ ಥರ ಸುಳಿಯುತ್ತೆ. ನೀನು ಅಳೆದಾಗ ಅಲ್ಲೇನಾದ್ರೂ ಸಿಕ್ತಾ?” ನಾನು “ಅಚ್ಚಾಗಿ ಬರಲಿ ಭಾವ, ಅಲ್ಲೀತನಕ ಹೇಳೋ ಹಾಗಿಲ್ಲ” ಎಂದು ನಕ್ಕುಬಿಟ್ಟೆ. ವಿಚಾರಣೆಯಲ್ಲಿ ಅವರು ಆ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ತಪ್ಪು ನನ್ನ ತಲೆಗೆ ಬರುತ್ತಿತ್ತು. ನಾನೂ ಎತ್ತಲಿಲ್ಲ. ನಿನಗೂ ಅವರು ಹೇಳಿಲ್ಲವೆಂದು ನಿನ್ನ ಪತ್ರಗಳಲ್ಲಿನ ಪ್ರೀತಿಯಿಂದಲೇ ಗೊತ್ತಾಗುತ್ತದೆ.