ಕುಂಡಕ್ಕೆ ಇವತ್ತು ನೀರು ಬೇಡ

ಪುಟ್ಟಿ,

ಸ್ಕೂಲಿಂದ ಬಂದವಳೇ ಪಾಲಕ್ ಕುಂಡಕ್ಕೆ ನೀರು ಸುರೀಬೇಡ, ಮೊದಲು ಇದನ್ನ ಓದು.

"ಮನೇಲೇ ಬೆಳೆದು ತಿನ್ನಿ" ಅಂತ ಸ್ಕೂಲಲ್ಲಿ ಕೊಟ್ಟ ಗಿಡ, ಎಲೆಯೆಲ್ಲಾ ಹಳದಿ ಆಗ್ತಿದೆಯಲ್ಲಾ ಅಂತ ಬೆಳಿಗ್ಗೆ ನಿಮ್ಮ ಟೀಚರ್‌ಗೆ ಫೋನ್ ಮಾಡಿದೆ. "ದಿನಕ್ಕೆ ಒಂದೇ ಚೊಂಬು, ಮಧ್ಯಾಹ್ನ ಡ್ಯೂಟಿಗೆ ಹೊರಡೋ ಮುಂಚೆ ನಾನೇ ಹಾಕ್ತೀನಿ" ಅಂದೆ. ಅವರು ನಕ್ಕುಬಿಟ್ಟರು. "ಸಂಜೆ ಒಂದು ಚೊಂಬು ಹಾಕಿದೆ ಅಂತ ನಿಮ್ಮ ಮಗಳು ದಿನಾ ಬರ್ಕೊಂಡು ಬರ್ತಾಳಲ್ಲಮ್ಮಾ! ಬೇರು ಕೊಳೀತಿರಬೇಕು."

ನಮ್ಮಿಬ್ಬರ ಜಾಣತನಕ್ಕಿಷ್ಟು ಬೆಂಕಿ ಹಾಕ. ಒಂದೇ ಮನೇಲಿದ್ದು ಇಪ್ಪತ್ತು ದಿನ ಇಬ್ಬರೂ ನೀರು ಹಾಕಿದೀವಿ, ಒಬ್ಬರಿಗೊಬ್ಬರು ಹೇಳಿಲ್ಲ. ಹೇಳೋದಾದ್ರೂ ಯಾವಾಗ? ನಾನು ಬರೋಷ್ಟರಲ್ಲಿ ನೀನು ಮಲಗಿರ್ತೀಯ, ನೀನು ಹೊರಡೋವಾಗ ನಾನು.

ಊಟ ಬಿಸಿ ಮಾಡ್ಕೋ. ಡಬ್ಬಿ ತೊಳೆದಿಡು, ಅಮ್ಮ ತೊಳೀತಾಳೆ ಅಂತ ಸಿಂಕಲ್ಲಿ ಬಿಡ್ಬೇಡ. ಪಕ್ಕದ ಮನೆ ಅಜ್ಜಿ ಬಂದ್ರೆ ಮಾತ್ರ ಬಾಗಿಲು ತೆಗಿ.

ಮಣ್ಣು ಒಣಗೋ ತನಕ ನೀರು ಬೇಡ. ಆಮೇಲೆ ಅದು ನಿನ್ನ ಕೆಲಸ, ನಾನು ಚೊಂಬು ಮುಟ್ಟಲ್ಲ. ಹೊರಡೋ ಮುಂಚೆ ಬರೀ ಮಣ್ಣಿಗೆ ಬೆರಳಿಟ್ಟು ನೋಡ್ತೀನಿ. ಒದ್ದೆ ಇದ್ರೆ, ನಿನ್ನೆ ಸಂಜೆ ನೀನು ಇಲ್ಲೇ ನಿಂತಿದ್ದೆ ಅಂತ ನಂಗೆ ಗೊತ್ತಾಗುತ್ತೆ.

ಅಮ್ಮ