ಬೇಗ ಹಂಚಿದ ಹುಗ್ಗಿ

೧೧ ಫೆಬ್ರುವರಿ ೨೦೨೫, ಮಂಗಳವಾರ. ಬೆಳಗ್ಗೆ. ಆಸ್ಪತ್ರೆಯ ಕಾರಿಡಾರು.

ತಿದ್ದುಪಡಿ. ಭಾನುವಾರದ ಪುಟದಲ್ಲಿ ‘ಇಂದಿನಿಂದ ಚನ್ನುವಿನ ಕಷ್ಟ ಕಳೆಯಿತು’ ಎಂದು ಬರೆದಿದ್ದೇನೆ. ತಪ್ಪು. ಹಾಗೆ ಬರೆಯುವ ಹೊತ್ತಿಗೆ ಕಷ್ಟ ಆಗಲೇ ಆರಂಭವಾಗಿತ್ತು. ಆ ವಾಕ್ಯವನ್ನು ಹೊಡೆದುಹಾಕಿಲ್ಲ. ಇದ್ದಂತೆಯೇ ಇರಲಿ. ನಡೆದದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಕೆಲವು ಸಂಗತಿಗಳು ಹಿಂದಿನ ಪುಟಗಳಲ್ಲೂ ಇವೆ. ಆದರೆ ತಿದ್ದುಪಡಿ ಎಂಬುದು ಅದೊಂದನ್ನೇ ಓದಿದರೂ ತಿಳಿಯುವಂತಿರಬೇಕು.

ಚನ್ನವೀರೇಶ ನನ್ನ ಮಗಳು ವಚನಾಳ ಮಗ. ಎರಡು ವರ್ಷ ತುಂಬಿದೆ. ಹುಟ್ಟುವಾಗಲೇ ಅವನ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿರಲಿಲ್ಲ. ನರವಿಲ್ಲದ ಕರುಳು ಬಿಗಿದುಕೊಂಡೇ ಇರುತ್ತದೆ, ಮಲವನ್ನು ಮುಂದಕ್ಕೆ ಬಿಡುವುದಿಲ್ಲ. ಮೊದಲ ತಿಂಗಳುಗಳಲ್ಲಿ ಕರುಳನ್ನು ಹೊಟ್ಟೆಯ ಮೇಲೆ ಹೊರತಂದು ಮಲಕ್ಕೆ ಬ್ಯಾಗು ಕಟ್ಟಿದ್ದರು. ಎಂಟನೆಯ ತಿಂಗಳಲ್ಲಿ ಆ ಭಾಗವನ್ನು ಕತ್ತರಿಸಿ ತೆಗೆದು, ಒಳ್ಳೆಯ ಕರುಳನ್ನು ಕೆಳಕ್ಕೆ ಎಳೆದು ಕೂಡಿಸಿದರು. ಆದರೂ ಅವನಿಗೆ ತಾನಾಗಿ ಹೋಗುವುದು ಅಪರೂಪ. ದಿನವೂ ಸಂಜೆ ವಚನಾ ಮೆತ್ತನೆಯ ನಳಿಕೆಯಿಂದ ಉಗುರುಬೆಚ್ಚಗಿನ ಸಲೈನ್ ಬಿಟ್ಟು ಕರುಳು ತೊಳೆಯುತ್ತಾಳೆ. ವಾಶ್‌ಔಟ್ ಎನ್ನುತ್ತಾರೆ. ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದವರು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತು ‘ಆಯ್ತಾ?’ ಎಂಬುದು. ಅದು ಕಾಫಿಯನ್ನು ಕುರಿತ ಪ್ರಶ್ನೆಯಲ್ಲ.

ನನ್ನ ಹೆಂಡತಿ ಬಸವ್ವ ಹರಕೆ ಹೊತ್ತಿದ್ದಳು. ಮಗು ನಳಿಕೆಯ ಹಂಗಿಲ್ಲದೆ ಚೆನ್ನಾಗಿ ಹೋದ ದಿನ ಗೋಧಿ ಹುಗ್ಗಿ ಮಾಡಿ ಬೀದಿಗೆಲ್ಲ ಹಂಚುತ್ತೇನೆ ಎಂದು. ಕುಟ್ಟಿದ ಗೋಧಿ ಡಬ್ಬಿಯಲ್ಲಿ ಸಿದ್ಧವಾಗಿಯೇ ಇತ್ತು.

ಭಾನುವಾರ ಬೆಳಗ್ಗೆ ಹೋದ. ಮತ್ತೆ ಮತ್ತೆ ಹೋದ. ನೀರಿನಂತೆ, ರಭಸದಿಂದ. ಬಸವ್ವ ಬಚ್ಚಲಿನಿಂದಲೇ ಕೂಗಿದಳು. “ಏನ್ರೀ, ಬರ್ರಿ ಇಲ್ಲಿ! ನಮ್ಮಪ್ಪ ತಾನೇ ಹೋಗ್ಯಾನ ನೋಡ್ರಿ!” ಎಲ್ಲರೂ ಓಡಿದೆವು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಬೇರೆ ಮನೆಯವರು ಭೇದಿ ಎಂದು ಗಾಬರಿಯಾಗುವಂಥದ್ದನ್ನು ಕಂಡು ನಾವು ಕೈ ಮುಗಿದೆವು.

ಮಧ್ಯಾಹ್ನ ಹುಗ್ಗಿಯ ಡಬ್ಬಿಗಳನ್ನು ಮನೆಮನೆಗೆ ಕೊಟ್ಟು ಬಂದವನು ನಾನೇ. ಎದುರು ಮನೆಯ ಕೋಕಿಲಾ ಗೇಟಿನ ಬಳಿ ನಿಲ್ಲಿಸಿ ಕೇಳಿದರು. “ಏನ್ ವಿಶೇಷ ಮೇಷ್ಟ್ರೇ? ಯಾರಿಗಾದ್ರೂ ಮದುವೆ ಗೊತ್ತಾಯ್ತಾ?” ಶುಭ ಸಮಾಚಾರ ಎಂದಷ್ಟೇ ಹೇಳಿ ಬಂದೆ. ಗೇಟಿನ ಬಳಿ ನಿಂತು ವಿವರಿಸುವ ವಿಷಯವಲ್ಲ.

ಸಂಜೆ ವಚನಾ ನಳಿಕೆ ಕುದಿಸಲು ಇಟ್ಟಾಗ ಬಸವ್ವ ಅಡ್ಡ ಬಂದಳು. “ತಾನಾಗೇ ಹೋಗ್ಯಾನಲ್ಲೇ. ಮತ್ಯಾಕ ಆ ಕೂಸಿನ್ನ ನೋಯಿಸ್ತಿ?”

“ವಾಸನೆ ಯಾಕೋ ಬೇರೆ ಥರ ಇತ್ತು ಅವ್ವ.”

“ಮಲಕ್ಕೆ ಪರಿಮಳ ಎಲ್ಲಿಂದ ಬರಬೇಕಮ್ಮ? ಇವತ್ತೊಂದಿನ ಬಿಡು” ಎಂದೆ. ನನ್ನ ಮಾತಿಗೆ ನಾನೇ ನಕ್ಕೆ. ವಚನಾ ಒಲೆ ಆರಿಸಿದಳು.

ಚನ್ನು ಹುಗ್ಗಿ ಮುಟ್ಟಲಿಲ್ಲ. ನನ್ನ ಹೆಗಲ ಮೇಲೆ ಮಲಗಿಬಿಟ್ಟ. ದಣಿದಿದ್ದಾನೆ ಎಂದುಕೊಂಡೆವು.

ಸೋಮವಾರ ಬೆಳಕು ಹರಿಯುವಾಗ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಮೈ ಕೆಂಡ. ಹಸಿರು ವಾಂತಿ. ಅಳಿಯ ಗಿರಿರಾಜ್ ಕಾರು ತೆಗೆದ. ದಾರಿಯಲ್ಲಿ ಮಗು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಡಾಕ್ಟರ್ ಮಾಲವಿಕಾ ಹೊಟ್ಟೆಯ ಮೇಲೆ ಬೆರಳಿಟ್ಟು ಕೇಳಿದರು. “ಯಾವಾಗಿಂದ ಭೇದಿ?”

“ನಿನ್ನೆಯಿಂದ ಡಾಕ್ಟರ್. ನಾವು... ಒಳ್ಳೇದಾಯ್ತು ಅಂದ್ಕೊಂಡ್ವಿ” ಎಂದಳು ವಚನಾ.

ಅವರು ಗದರಲಿಲ್ಲ. “ತುಂಬಾ ಜನ ಹಾಗೇ ಅಂದ್ಕೋತಾರಮ್ಮ. ಇದು ಎಂಟರೊಕೊಲೈಟಿಸ್, ಕರುಳಿನ ಉರಿಯೂತ. ಒಳಗೆ ನಿಂತಿದ್ದು ಕೆಟ್ಟು ಕರುಳೇ ಬಾತುಕೊಂಡಿದೆ. ಒಂದು ಕಡೆ ಭೇದಿ ಆಗ್ತಿರತ್ತೆ, ಇನ್ನೊಂದು ಕಡೆ ಕಟ್ಟಿಕೊಂಡೇ ಇರತ್ತೆ.”

“ನಂಜು ರಕ್ತಕ್ಕೆ ಸೇರಿದ್ರೆ?” ಎಂದ ಗಿರಿರಾಜ್.

“ಸೇರೋಕೆ ಶುರುವಾಗಿದೆ. ಅದಕ್ಕೇ ಐಸಿಯು.”

೧೨ ಫೆಬ್ರುವರಿ, ಬುಧವಾರ

ಬೆಳಗ್ಗೆ ಸಿಸ್ಟರ್ ಹೊರಗೆ ಬಂದು ನನ್ನ ಅಂಗೈಯಲ್ಲಿ ಏನನ್ನೋ ಇಟ್ಟಳು. ಚನ್ನುವಿನ ಕೊರಳಿನ ಲಿಂಗ. ಶಿವದಾರದ ಸಮೇತ. “ಕುತ್ತಿಗೇಲಿ ಲೈನ್ ಹಾಕ್ತಾ ಇದಾರೆ ತಾತ. ಇದು ಇರೋ ಹಾಗಿಲ್ಲ. ಜೋಪಾನ.” ಬಾಗಿಲು ಮುಚ್ಚಿತು.

ಹುಟ್ಟಿದ ಕೆಲವೇ ದಿನಗಳಲ್ಲಿ ಮಠದ ಅಯ್ನೋರು ಕಟ್ಟಿದ್ದು. ನಮ್ಮಲ್ಲಿ ಮೈ ಮೇಲಿನ ಲಿಂಗ ಮೈ ಬಿಟ್ಟು ಹೋಗುವಂತಿಲ್ಲ. ಆಪರೇಷನ್ ಆದಾಗಲೂ ತೋಳಿಗೆ ಕಟ್ಟಿ ಉಳಿಸಿಕೊಂಡಿದ್ದೆವು. ಈ ಸಲ ಕೇಳಲು ಸಮಯವಿರಲಿಲ್ಲ.

ಅಷ್ಟರಲ್ಲಿ ಬಸವ್ವ ಕೆಳಗಿನಿಂದ ಕಾಫಿ ಹಿಡಿದು ಬಂದಳು. ನನ್ನ ಅಂಗೈ ನೋಡಿದಳು. ಗೋಡೆಗೊರಗಿ ಕುಸಿದಳು. ಕಾಫಿ ನೆಲದ ಪಾಲು. ಅವಳು ಏನೆಂದುಕೊಂಡಳೆಂದು ನನಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.

“ಇದ್ದಾನೆ ಬಸವ್ವ. ಇದ್ದಾನೆ, ಇದ್ದಾನೆ. ಸೂಜಿ ಹಾಕಲು ತೆಗೆದರು ಅಷ್ಟೆ.”

“ಮತ್ತ ಹಾಗ ಕೈಯಾಗ ಹಿಡ್ಕಂಡು ನಿಂದ್ರಬ್ಯಾಡ್ರಿ” ಎಂದಳು.

ಅವನ ಲಿಂಗವನ್ನು ನನ್ನ ಕೊರಳಿಗೆ ಕಟ್ಟಿಕೊಂಡೆ. ಈಗ ಎರಡು. ಚಿಕ್ಕದಕ್ಕೆ ಭಾರವೇ ಇಲ್ಲ... ಆದರೂ ತಲೆ ಬಗ್ಗಿಸಿದಾಗಲೆಲ್ಲ ತಿಳಿಯುತ್ತದೆ.

೧೪ ಫೆಬ್ರುವರಿ, ಶುಕ್ರವಾರ

ಹೊಟ್ಟೆ ಇಳಿದಿಲ್ಲ. ಬಾಯಿಗೆ ಏನೂ ಇಲ್ಲ. ಆಂಟಿಬಯೋಟಿಕ್ ಬದಲಿಸಿದ್ದಾರೆ. ಡ್ಯೂಟಿ ಡಾಕ್ಟರ್ ಶ್ರೀರಾಮ್ ದಿನಕ್ಕೆ ಹಲವು ಸಲ ವಾಶ್‌ಔಟ್ ಮಾಡುತ್ತಾರೆ. ಇನ್ನೂ ಹುಡುಗ. ಬಂದು ಹೇಳಿದ. “ನಾಳೆಗೂ ಹೀಗೇ ಇದ್ರೆ ಹೊಟ್ಟೆ ತೆರೆದು ಕರುಳನ್ನ ಹೊರಗೆ ತರ್ಬೇಕಾಗ್ಬಹುದು ಸಾರ್. ಮತ್ತೆ ಮೊದಲಿನ ಥರ ಬ್ಯಾಗು.”

ವಚನಾ ಕೇಳಿದಳು. “ಅಷ್ಟಾದ್ರೆ ಉಳೀತಾನಾ?”

“ಉಳಿಸೋಕೇ ಅದು.”

ನೇರ ಉತ್ತರವಲ್ಲ. ತರಗತಿಯಲ್ಲಾಗಿದ್ದರೆ ಬಿಡುತ್ತಿರಲಿಲ್ಲ. ಇಲ್ಲಿ ಬಿಟ್ಟೆ.

ವಚನಾ ನನ್ನ ಪಕ್ಕದಲ್ಲೇ ಕುಳಿತಿದ್ದಾಳೆ. ಭಾನುವಾರದ ಸಂಜೆಯ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಇಡ್ಲಿ ತಂದೆ. ಅರ್ಧ ಮುರಿದು ನನ್ನ ಕೈಗಿಟ್ಟಳು. “ನೀವೂ ತಿನ್ನಿ ಅಪ್ಪಾಜಿ. ನೀವು ಬಿದ್ರೆ ನಿಮ್ಮನ್ನ ನೋಡ್ಕೊಳ್ಳೋಕೆ ನನ್ ಹತ್ರ ಆಳಿಲ್ಲ.”

೧೮ ಫೆಬ್ರುವರಿ, ಮಂಗಳವಾರ

ಮೂರು ದಿನ ಬರೆಯಲಾಗಲಿಲ್ಲ. ಶನಿವಾರ ಮಧ್ಯಾಹ್ನ ಜ್ವರ ಬಿಟ್ಟಿತು. ಹೊಟ್ಟೆ ಇಳಿಯಿತು. ಆಪರೇಷನ್ ಬೇಡವೆಂದರು. ಇಂದು ವಾರ್ಡಿಗೆ ತಂದಿದ್ದಾರೆ. ಕೈಕಾಲು ಕಡ್ಡಿ. ನನ್ನನ್ನು ನೋಡಿ “ಅಜ್ಜ, ಮನೀಗ್ ಹೋಗನ” ಎಂದ. ಬಸವ್ವನ ಉಚ್ಚಾರಣೆ. ತಿದ್ದಲಿಲ್ಲ.

ಮಾಲವಿಕಾ ರೌಂಡ್ಸಿಗೆ ಬಂದಿದ್ದರು. “ಈಗ ಚೆನ್ನಾಗಿದಾನೆ” ಎಂದರು.

“ಅಂದರೆ ಗುಣವಾಯಿತು ಎಂದು ತಿಳಿಯಬಹುದೇ?”

“ಈಗ ಅಂದೆ ಮೇಷ್ಟ್ರೇ. ಮತ್ತೆ ಬರಬಹುದು. ದೊಡ್ಡವನಾಗ್ತಾ ಆಗ್ತಾ ಕಡಿಮೆಯಾಗತ್ತೆ. ಜ್ವರ, ಬಿಗಿ ಹೊಟ್ಟೆ, ಮಂಕು, ಕೆಟ್ಟ ವಾಸನೆ — ಇದ್ರಲ್ಲಿ ಏನು ಕಂಡ್ರೂ ಸೀದಾ ಬನ್ನಿ. ಭೇದಿ ಆಗ್ಲಿ, ಆಗದೇ ಇರ್ಲಿ. ಮನೇಲಿ ಕೂತು ಚರ್ಚೆ ಬೇಡ.”

ಆಯಿತು ಎಂದೆ. ಚರ್ಚೆಗೆ ಕಾರಣನಾದವನು ಎದುರಿಗೇ ಇದ್ದಾನೆಂದು ಅವರಿಗೆ ತಿಳಿದಿತ್ತೋ ಇಲ್ಲವೋ.

೨೬ ಫೆಬ್ರುವರಿ, ಶಿವರಾತ್ರಿ

ಮನೆ. ಬೆಳಗ್ಗೆ ಪೂಜೆ ಮುಗಿಸಿ ಚನ್ನುವಿನ ಲಿಂಗವನ್ನು ಅವನ ಕೊರಳಿಗೆ ಮತ್ತೆ ಕಟ್ಟಿದೆ. ಲೈನ್ ಹಾಕಿದ್ದ ಕಡೆ ಇನ್ನೂ ಕಪ್ಪು ಕಲೆ. ದಾರ ಅಲ್ಲಿಗೆ ಉಜ್ಜದಂತೆ ಸಡಿಲವಾಗಿ ಗಂಟು ಹಾಕಿದೆ.

ಕೋಕಿಲಾ ಹುಗ್ಗಿಯ ಡಬ್ಬಿ ವಾಪಸು ತಂದರು. ಖಾಲಿ ಕೊಡಬಾರದೆಂದು ಸಕ್ಕರೆ ತುಂಬಿಸಿ. “ಇಷ್ಟು ದಿನ ಮನೆಗೆ ಬೀಗ ಇತ್ತಲ್ಲ, ಅದಕ್ಕೇ ಲೇಟು. ಹುಗ್ಗಿ ಸಖತ್ತಾಗಿತ್ತು ಬಸವಮ್ಮನವರೇ. ಏನ್ ಶುಭ ಅಂತ ಮೇಷ್ಟ್ರು ಹೇಳ್ಲೇ ಇಲ್ಲ!” ಬಸವ್ವ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಉತ್ತರವನ್ನು ನನಗೆ ಬಿಟ್ಟಳು. ಮೊಮ್ಮಗನಿಗೆ ಹುಷಾರಿರಲಿಲ್ಲ, ಈಗ ಪರವಾಗಿಲ್ಲ ಎಂದೆ. ಪ್ರಶ್ನೆಗೂ ಉತ್ತರಕ್ಕೂ ಹೊಂದಾಣಿಕೆಯಿರಲಿಲ್ಲ. ಅವರು ಪಾಪ, ಮತ್ತೆ ಕೇಳಲಿಲ್ಲ.

ಸಂಜೆ ಬಸವ್ವ ಕೇಳಿದಳು. “ಹರಕಿ ತೀರಿದಂಗಾತೋ, ಇನ್ನಾ ಐತೋ? ನೀವು ಓದಿದೋರು, ಹೇಳ್ರಿ.”

ಓದಿದ್ದರಲ್ಲಿ ಹರಕೆಯ ಲೆಕ್ಕವಿಲ್ಲ ಎಂದೆ.

“ಹಂಚಿದ್ದು ಸುಳ್ಳಿಗೆ. ಶಿವ ಅದನ್ನ ಲೆಕ್ಕಕ್ಕ ಹಿಡ್ಯಂಗಿಲ್ಲ” ಎಂದು ತಾನೇ ತೀರ್ಮಾನ ಕೊಟ್ಟಳು.

೧೬ ಮಾರ್ಚ್, ಭಾನುವಾರ

ನಾಳೆಯಿಂದ ವಚನಾ ಮತ್ತೆ ಆಫೀಸಿಗೆ ಹೋಗುತ್ತಾಳೆ. ಬರುವಾಗ ಕತ್ತಲಾಗುತ್ತದೆ. ಆದ್ದರಿಂದ ವಾಶ್‌ಔಟ್ ನನ್ನ ಪಾಲಿಗೆ. ಬಸವ್ವನಿಗೆ ನಳಿಕೆ ಕಂಡರೆ ಕಣ್ಣೀರು. ವಾರದಿಂದ ಕಲಿಯುತ್ತಿದ್ದೇನೆ.

“ಜೆಲ್ ಸರಿಯಾಗಿ ಹಚ್ಚಿ ಅಪ್ಪಾಜಿ. ಹಾಂ. ತಡೆದ್ರೆ ನೂಕ್ಬೇಡಿ. ನೂಕ್ಬೇಡಿ ಅಂದ್ನಲ್ಲ! ಇದೇನು ನಿಮ್ಮ ಏಳನೇ ಕ್ಲಾಸಾ, ತಳ್ಳಿ ಪಾಸ್ ಮಾಡ್ಸೋಕೆ?”

ಗಿರಿರಾಜ್ ಬಾಗಿಲಲ್ಲಿ ನಿಂತು ನಕ್ಕ. “ಮಾವ, ಸೇಡು ತೀರಿಸ್ಕೊಳ್ತಿದಾಳೆ. ಸುಮ್ನೆ ಕೇಳ್ಕೊಳಿ.”

ಕೇಳಿಕೊಂಡೆ. ಹಾಕಿದಷ್ಟು ನೀರು ಹೊರಗೆ ಬರಲೇಬೇಕು. ಬಂದದ್ದನ್ನು ನೋಡಬೇಕು, ಮೂಸಬೇಕು. ಮೊದಲ ದಿನ ಮೂಗು ಮುಚ್ಚಿಕೊಳ್ಳಲು ಕೈ ಎತ್ತಿದ್ದೆ. ವಚನಾ ಕೈ ಹಿಡಿದು ಇಳಿಸಿದಳು. ಆ ಒಂದು ಸಲ ಮಾತ್ರ ಅವಳು ನನ್ನನ್ನು ಹಾಗೆ ನೋಡಿದ್ದು. ಪರಿಮಳದ ಮಾತು ನನಗೆ ನೆನಪಾಯಿತು.

ಚನ್ನು ನನ್ನ ಬೆರಳು ಹಿಡಿದು ಮಲಗಿರುತ್ತಾನೆ. “ಮೆಲ್ಲಕ ಅಜ್ಜ” ಎನ್ನುತ್ತಾನೆ. ಮೆಲ್ಲಗೇ ಮಾಡುತ್ತೇನೆ.

೧೩ ಏಪ್ರಿಲ್, ಭಾನುವಾರ. ಬೆಳಗ್ಗೆ.

ಇಂದು ಚನ್ನು ತಾನಾಗಿ ಹೋದ.

ಯಾರೂ ಕೂಗಲಿಲ್ಲ. ಬಸವ್ವ ಬಚ್ಚಲ ಬಾಗಿಲಲ್ಲಿ ಬಂದು ಸುಮ್ಮನೆ ನಿಂತಳು. ಅವಳ ಮುಖ ನೋಡಿ ವಚನಾ ಎದ್ದಳು, ಗಿರಿರಾಜ್ ಎದ್ದ, ನಾನು ಪೇಪರು ಕೆಳಗಿಟ್ಟೆ. ಈಗ ನಾಲ್ವರೂ ಬಚ್ಚಲಲ್ಲಿ. ವಚನಾ ಹೊಟ್ಟೆ ಒತ್ತಿ ನೋಡಿದಳು. ಗಿರಿರಾಜ್ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟ. ನಾನು ಬಗ್ಗಿ ಮೂಸಿದೆ. ನೀರಲ್ಲ. ಗಟ್ಟಿಯಾಗಿ, ಬಾಳೆಹಣ್ಣಿನ ಹಾಗೆ. ಎಲ್ಲ ಮಕ್ಕಳದಿರುವಂತೆ.

ಮಗು ಒಬ್ಬೊಬ್ಬರ ಮುಖವನ್ನೂ ನೋಡಿತು. ಕಾಯಿತು. ಆ ಭಾನುವಾರ ನಾವು ಮಾಡಿದ್ದು ಅದಕ್ಕೆ ನೆನಪಿತ್ತೆಂದು ತೋರುತ್ತದೆ. ಯಾರೂ ಏನೂ ಮಾಡದಿದ್ದಾಗ ತಾನೇ ಎರಡು ಕೈ ಎತ್ತಿ ಚಪ್ಪಾಳೆ ತಟ್ಟಿಕೊಂಡಿತು.

ನಾವು ನಿಂತೇ ಇದ್ದೆವು. ಥರ್ಮಾಮೀಟರ್ ಕೂಗಿತು. ಗಿರಿರಾಜ್ ನೋಡಿ, “ಇಲ್ಲ. ಜ್ವರ ಇಲ್ಲ” ಎಂದ. ಆಮೇಲೆ ವಚನಾ ತಟ್ಟಿದಳು. ಮೆಲ್ಲಗೆ, ಸದ್ದಾಗದ ಹಾಗೆ. ಆಮೇಲೆ ಉಳಿದವರು.

ಬಸವ್ವ ಅಡುಗೆಮನೆಗೆ ಹೋಗಿ ಗೋಧಿಯ ಡಬ್ಬಿ ಇಳಿಸಿದ್ದು ಕೇಳಿಸಿತು. “ನೆನಿಯಾಕ ಹಾಕ್ಲೇನ್ರೀ?” ಎಂದು ಕೂಗಿದಳು. ಮೊದಲ ಸಲ ನನ್ನನ್ನು ಕೇಳಿರಲಿಲ್ಲ.

ಎದ್ದು ಹೋಗಿ ಚನ್ನುವಿನ ಹೊಟ್ಟೆ ಇನ್ನೊಮ್ಮೆ ಮುಟ್ಟಿ ಬಂದೆ. ಮೆತ್ತಗಿದೆ. ಕಚಗುಳಿಯಾಗಿ ನಕ್ಕ.

“ಹಾಕು” ಎಂದೆ. “ನಮ್ಮ ಮನೆಗಾಗುವಷ್ಟು. ಬೀದಿಗೆ ಬೇಡ.”

“ಕೋಕಿಲಾಗೆ?”

“ನಮ್ಮ ಮನೆಗೆ.”

ಡಬ್ಬಿಯಿಂದ ಪಾತ್ರೆಗೆ ಗೋಧಿ ಬೀಳುವ ಸದ್ದು. ಸಂಜೆಯ ವಾಶ್‌ಔಟ್ ಇಂದೂ ಇದೆ. ಯಾರೂ ಬೇಡವೆಂದಿಲ್ಲ, ಬೇಡವೆನ್ನುವುದೂ ಇಲ್ಲ. ಪುಟ ತೆರೆದಾಗ ಮೊದಲು ಕೈ ತಾನಾಗಿ ‘ಇಂದಿನಿಂದ’ ಎಂದು ಬರೆಯಹೊರಟಿತ್ತು. ಮುಂದಿನ ಅಕ್ಷರಗಳನ್ನು ತಡೆದು ‘ಇಂದು’ ಎಂದಷ್ಟೇ ಉಳಿಸಿಕೊಂಡೆ. ಹೊಟ್ಟೆ ಮೆತ್ತಗಿದೆ. ಮೈ ತಣ್ಣಗಿದೆ. ಅಜ್ಜಾ ಎಂದು ಕರೆಯುತ್ತಿದ್ದಾನೆ, ಹೋಗಿ ಅವನನ್ನು ಎತ್ತಿಕೊಳ್ಳಬೇಕು.

೧೩ ಏಪ್ರಿಲ್ ೨೦೨೫, ಭಾನುವಾರ, ಬೆಳಗ್ಗೆ ೭ ಗಂಟೆ ೪೦ ನಿಮಿಷ. ಇಲ್ಲಿಯವರೆಗೆ ನಿಜ.