ನಗು ಮುಗಿಯುವ ತನಕ

ನವೆಂಬರ್ 14

ಬ್ರಹ್ಮಾವರ. ಶೂಟಿಂಗಿನ ಮೂರನೇ ದಿನ. ಒಂದೇ ಡೈಲಾಗಿಗೆ ಏಳು ಟೇಕು. ನಾನು ಮಾತು ಮುಗಿಸಿ ನಿಲ್ಲುವುದು, ಡೈರೆಕ್ಟರ್ ಪ್ರಥಮ್ ಕಟ್ ಅನ್ನುವುದು.

"ಯಾಕಮ್ಮ ನಿಲ್ತೀರಿ?"

"ಜನ ನಗಾಡುಕೆ ಬಿಡ್ಕಲ್ದಾ?"

ಸೆಟ್ಟಿನವರೆಲ್ಲ ನಕ್ಕರು. ಡೈಲಾಗಿಗಲ್ಲ, ನನಗೆ. ಮೊದಲ ಸಿನಿಮಾ, ಐವತ್ತನೇ ವಯಸ್ಸಿಗೆ. ಮೂವತ್ತೊಂದು ವರ್ಷ ಮಾಡಿದ್ದು ನಗೆ ನಾಟಕ — ಬಾರ್ಕೂರಿನ ಶಾಲೆ ಅಂಗಳದಿಂದ ಮುಂಬೈ ತನಕ. ಜನ ನಕ್ಕು ಮುಗಿಸುವ ಮೊದಲು ಬಾಯಿ ತೆರೆಯಬಾರದು. ಕಲಿಸಿದ್ದು ಲೀಲಾಧರಣ್ಣ. ಸ್ಟೇಜಿನಲ್ಲಿ ಗಂಡ, ಕೆಳಗಿಳಿದರೆ ಅಣ್ಣ.

ಇಲ್ಲಿ ಎದುರಿಗಿರುವುದು ಕ್ಯಾಮೆರಾ. ಅದು ನಗುವುದಿಲ್ಲ.

ಡಿಸೆಂಬರ್ 9, ಬೆಳಿಗ್ಗೆ

ಕುಂದಾಪುರದ ಮನೆ. ಕನ್ನಡಿ ಮುಂದೆ ಪ್ರಾಕ್ಟೀಸು. ತಂಗಿ ಮಗಳು ಅನಿಷಾ ಎದುರಿನವರ ಮಾತು ಓದುತ್ತಾಳೆ, ನಾನು ಫಟ್ ಅಂತ ಉತ್ತರ. ಈಗ ನಿಲ್ಲುವುದಿಲ್ಲ. ನಿನ್ನೆ ಪ್ರಥಮ್ "ಸೂಪರ್" ಅಂದ. ಹೆಮ್ಮೆ ಆಯಿತು, ಸುಳ್ಳು ಯಾಕೆ.

ಜನವರಿ 6

ಲೀಲಾಧರಣ್ಣ ಹೆಮ್ಮಾಡಿಯಿಂದ ಬಸ್ಸಿನಲ್ಲಿ ಬಂದಿದ್ದರು. ಗಂಟಲಲ್ಲಿ ಗಡ್ಡೆ. ಫೆಬ್ರವರಿಯಲ್ಲಿ ಆಪರೇಷನ್. ಆಮೇಲೆ ಸ್ವರ ಇರುವುದಿಲ್ಲವಂತೆ...

"ಬೈಂದೂರಂಗೆ ಒಂದ್ ನಾಟ್ಕ ಒಪ್ಕಂಡಿದೆ. ಕಡೀದ್. ಹೆಂಡ್ತಿ ಪಾರ್ಟಿಗೆ ನೀನೇ ಬರ್ಕ್, ಸ್ನೇಹಾ."

"ನಾನಲ್ದೆ ಇನ್ಯಾರ್ ಬಪ್ದ್?" ಅಂದೆ.

ಚಾ ಕುಡಿಯದೆ ಹೋದರು. ನುಂಗಲು ಆಗುವುದಿಲ್ಲ.

ಜನವರಿ 29

ನಿನ್ನೆ ಬೈಂದೂರು. ಬರೆಯಲು ಕೈ ಬರುತ್ತಿಲ್ಲ.

ಲೀಲಾಧರಣ್ಣನ ಮೊದಲ ಮಾತಿಗೇ ಜನ ನಗಲು ಶುರು ಮಾಡಿದ್ದರು. ನಾನು ಫಟ್ ಅಂತ ಉತ್ತರ ಕೊಟ್ಟೆ. ಅದನ್ನು ಕೇಳಲು ಜನ ನಗುವನ್ನು ಅರ್ಧಕ್ಕೆ ನಿಲ್ಲಿಸಿದರು. ಎರಡನೇ ಸಲವೂ ಹಾಗೇ. ಮೂರನೇ ಸಲ, ಗೊತ್ತಿದ್ದೂ ನಾಲಿಗೆ ಓಡಿತು. ಆಮೇಲೆ ಜನ ನಗುವುದನ್ನೇ ಬಿಟ್ಟರು. ಪಾಪ, ಉಳಿದಿದ್ದ ಸ್ವರವನ್ನೆಲ್ಲ ಹಾಕಿ ಆಡಿದರು. ಅವರಿಗೆ ಸಿಗಬೇಕಿದ್ದ ಕೊನೆಯ ನಗು. ನಾನೇ ತಿಂದುಬಿಟ್ಟೆ.

ವ್ಯಾನಿನಲ್ಲಿ ಅವರೇ ನನಗೆ ಸಮಾಧಾನ ಹೇಳಿದರು. "ಬಿಡ್ ಮಾರಾಯ್ತಿ. ಬೇಗ ಮುಗ್ದದ್ದ್ ಒಳ್ಳೇದೇ ಆಯ್ತ್. ಗಂಟ್ಲ್ ನೋಯ್ತಿತ್ತ್."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ 21

ಆಪರೇಷನ್ ಆಗಿ ಎರಡು ತಿಂಗಳು. ಇವತ್ತು ಹೆಮ್ಮಾಡಿಗೆ ಹೋದೆ. ಅಷ್ಟು ದಿನ ಧೈರ್ಯ ಇರಲಿಲ್ಲ.

ಕೊರಳಿಗೆ ಬಿಳಿ ಬಟ್ಟೆ. ತೊಡೆ ಮೇಲೆ ಸ್ಲೇಟು. ಸಿನಿಮಾ ರಿಲೀಸ್ ಆಯಿತು, ನನ್ನ ಸೀನಿಗೆ ಜನ ನಕ್ಕರು ಅಂದೆ.

ಬರೆದರು: "ಎಷ್ಟ್ ಹೊತ್ತ್?"

ಥಿಯೇಟರಿನಲ್ಲಿ ನಗು ನಿಂತೇ ಇರಲಿಲ್ಲ. ನನ್ನ ಮುಂದಿನ ಎರಡು ಮಾತು ಯಾರಿಗೂ ಕೇಳಿಸಿರಲಿಲ್ಲ. ಇವರಿಗೆ ಅದನ್ನು ಯಾವ ಬಾಯಲ್ಲಿ ಹೇಳಲಿ?

"ಚೂರ್ ಹೊತ್ತ್" ಅಂದೆ.

ಒರೆಸಿ ಬರೆದರು: "ಸುಳ್ಳ್."

ಅತ್ತುಬಿಟ್ಟೆ. ಸ್ವರವೇ ಇಲ್ಲದ ಮನುಷ್ಯನ ಎದುರು ದೊಡ್ಡ ಸ್ವರ ತೆಗೆದು ಅತ್ತೆ. ಅವರು ಬಳಪ ಮುಟ್ಟಲಿಲ್ಲ. ನಾನು ಅತ್ತು ಮುಗಿಯುವ ತನಕ ಕಾದರು. ಆಮೇಲೆ ಸ್ಲೇಟು ಒರೆಸಿ, ಬರೆದು, ನನ್ನ ಕಡೆ ತಿರುಗಿಸಿದರು: "ಈಗ ಹೇಳ್. ಎಷ್ಟ್ ಹೊತ್ತ್?"